‘ತಮ್ಮ ಈಗ ಪೂರ್ತಿ ಸರಿಹೋದನಾ?’

ಕಳೆದ ತಿಂಗಳು ಕೋಣಂದೂರಿನ ಹತ್ತಿರ ಒಂದು ಮದುವೆ. ಎರಡನೇ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂತಿದ್ದ ಅತ್ತೆ (ಸಂಬಂಧದಲ್ಲಿ ದೂರ, ನಮ್ಮ ಮನೆಯ ಸುದ್ದಿಗೆ ಬಹಳ ಹತ್ತಿರ) ಕೋಸಂಬರಿ ಬಾಯಿಗಿಟ್ಟುಕೊಂಡು, ದನಿ ಇಳಿಸಿ ಕೇಳಿದರು: ‘ತಮ್ಮ ಈಗ ಪೂರ್ತಿ ಸರಿಹೋದನಾ?’ ತಮ್ಮ ಆಗ ಆರು ಎಲೆ ಆಚೆ ಸಾರಿನ ಬಕೆಟ್ ಹಿಡಿದು ಬಗ್ಗಿ ಬಡಿಸುತ್ತಿದ್ದ.

ಒಂಬತ್ತು ವರ್ಷಗಳಿಂದ ಇದೇ ಪ್ರಶ್ನೆ. ತೀರ್ಥಹಳ್ಳಿ ಬಸ್‌ನಿಲ್ದಾಣದಲ್ಲಿ, ಸೊಸೈಟಿಯಲ್ಲಿ, ಸಾವಿನ ಮನೆಯಲ್ಲಿ ಕೂಡ. ಅಮ್ಮನನ್ನು ಕೇಳುತ್ತಾರೆ, ನನ್ನನ್ನು ಕೇಳುತ್ತಾರೆ. ಅವನನ್ನು ಮಾತ್ರ ಯಾರೂ ಕೇಳುವುದಿಲ್ಲ. ಬಾಯಲ್ಲಿ ಹೇಳಿ ಸಾಕಾಗಿದೆ, ಬರೆದಿಡುತ್ತೇನೆ.

ಅವನಿಗಿರುವುದು ಸ್ಕಿಜೋಫ್ರೇನಿಯಾ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ಸುಮಾರು 300 ಜನರಲ್ಲಿ ಒಬ್ಬರಿಗೆ ಇದೆ. ಆ ಮದುವೆಗೆ ಬಂದವರ ಸಂಖ್ಯೆ ನೋಡಿದರೆ ನಮ್ಮವನಲ್ಲದೆ ಇನ್ನೂ ಒಬ್ಬಿಬ್ಬರು ಊಟಕ್ಕೆ ಕೂತಿದ್ದಿರಬೇಕು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವನಿಗೆ ತೋಟದ ಕಡೆಯಿಂದ ಯಾರೋ ಬೈಯುವುದು ಕೇಳಿಸತೊಡಗಿತು. ಮಳೆಗಾಲದ ರಾತ್ರಿ ಕಂಬಳಿ ಹೊದ್ದು ಅಂಗಳದಲ್ಲಿ ನಿಂತು ಉತ್ತರ ಕೊಡುತ್ತಿದ್ದ. ಊರಿನವರು ‘ಮಂಡೆ ಸರಿ ಇಲ್ಲ’ ಎಂದರು. ನಾವು ಹನ್ನೊಂದು ತಿಂಗಳು ನಿಮಿತ್ತ ಕೇಳಿಸಿ, ಚೌಡಿಗೆ ಕೊಡಬೇಕಾದದ್ದನ್ನು ಕೊಟ್ಟು, ತಾಯಿತ ಕಟ್ಟಿಸಿದೆವು. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟ ಎಂದು ಆಮೇಲೆ ತಿಳಿಯಿತು. ಆ ತಿಂಗಳುಗಳನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೂ ಒಂದು ಮಾತು ಒಪ್ಪಬೇಕು: ನಿಮಿತ್ತ ಹೇಳುವವರು ಅವನನ್ನೇ ಎದುರಿಗೆ ಕೂರಿಸಿಕೊಂಡು ‘ಏನು ಕೇಳಿಸುತ್ತದೆ ಮಾಣಿ?’ ಎಂದು ಕೇಳಿದ್ದರು. ಓದಿದ ನೆಂಟರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

ಇನ್ನು ‘ಪೂರ್ತಿ’ ಎಂಬ ಪದ. ಈ ಕಾಯಿಲೆಯಲ್ಲಿ ಕೆಲವರಿಗೆ ಕೆಲವು ವರ್ಷಗಳ ಮಾತ್ರೆ ಸಾಕಾಗುತ್ತದೆ, ಹಲವರಿಗೆ ಬಹುಕಾಲ ಬೇಕು. ಇವನು ಎರಡನೇ ಗುಂಪಿನವನು. ‘ಹುಷಾರಾದ ಮೇಲೂ ಮಾತ್ರೆ ಯಾಕೆ? ಚಟವಾಗುತ್ತದೆ’ ಎಂದು ಹಿತೈಷಿಯೊಬ್ಬರು ಒಮ್ಮೆ ನಿಲ್ಲಿಸುವಂತೆ ಮಾಡಿದರು. ನಾಲ್ಕನೇ ತಿಂಗಳಿಗೆ ತೋಟದ ದನಿ ವಾಪಸು ಬಂತು. ಮಾತ್ರೆಯಿಂದ ಹಸಿವು ಹೆಚ್ಚಿ ತೂಕ ಏರಿದಾಗ ‘ಕೂತು ತಿಂದು ದಪ್ಪಗಾದ’ ಎಂದವರೂ ಅದೇ ಹಿತೈಷಿಗಳ ಪೈಕಿಯವರು.

‘ಸಕ್ಕರೆ ಕಾಯಿಲೆ ಇದ್ದ ಹಾಗೆ ಎಂದು ಹೇಳಿ, ಜನರಿಗೆ ಅರ್ಥವಾಗುತ್ತದೆ’ ಎಂದು ವೈದ್ಯರು ಹೇಳಿಕೊಟ್ಟಿದ್ದರು. ಹೇಳಿ ನೋಡಿದೆ, ನಡೆಯಲಿಲ್ಲ. ಸಕ್ಕರೆ ಕಾಯಿಲೆಯವನಿಗೆ ಪಾಯಸ ಕೊಡುವುದಿಲ್ಲ. ನನ್ನ ತಮ್ಮನಿಗೆ ಕತ್ತಿ ಕೊಡುವುದಿಲ್ಲ.

ಕತ್ತಿ ಎಂದರೆ ಮೆಟ್ಟುಗತ್ತಿ. ಅಡಿಕೆ ಸುಲಿಯಲು ಈಗ ಯಂತ್ರ ಬಂದಿದೆ, ಆದರೆ ಸಣ್ಣ ತೋಟದವರ ಅಂಗಳದಲ್ಲಿ ಇನ್ನೂ ಮೆಟ್ಟುಗತ್ತಿಯೇ. ಮಣೆಯ ಮೇಲೆ ಕೂತು, ಹಸಿ ಅಡಿಕೆಯನ್ನು ಅಲಗಿಗೆ ಒತ್ತಿ ತಿರುಗಿಸಿದರೆ ಸಿಪ್ಪೆ ಹಾರಬೇಕು, ಒಳಗಿನ ತಿರುಳಿಗೆ ಗಾಯವಾಗಬಾರದು. ತಮ್ಮ ಇದರಲ್ಲಿ ನಿಸ್ಸೀಮ. ಹತ್ತು ಅಡಿಕೆ ಸುಲಿಯುವಷ್ಟರಲ್ಲಿ ನಾನು ಎರಡು ಬಾರಿ ಬೆರಳು ನೋಡಿಕೊಳ್ಳುತ್ತೇನೆ, ಅವನು ನೋಡುವುದೇ ಇಲ್ಲ. ಪಕ್ಕದ ಮನೆಗೆ ಸುಲಿಯಲು ಹೋದಾಗ ಅವನಿಗೆ ಸಿಪ್ಪೆ ಹೊರುವ ಬುಟ್ಟಿ ಕೊಟ್ಟರು. ‘ಪಾಪ, ಅವನಿಗೆ ಯಾಕೆ ಕಷ್ಟ’ ಎಂದರು. ಕಾಯಿಲೆಯವರಿಂದ ಬೇರೆಯವರಿಗಿಂತ ಅವರಿಗೇ ಅಪಾಯ ಹೆಚ್ಚು ಎಂದು ನಾನು ಭಾಷಣ ಮಾಡಬಹುದಿತ್ತು. ಮಾಡಲಿಲ್ಲ. ಯಾಕೆಂದರೆ ಮೊದಲ ವರ್ಷ ನಾವೇ ಮೆಟ್ಟುಗತ್ತಿಯನ್ನು ಅಟ್ಟಕ್ಕೆ ಹಾಕಿದ್ದೆವು. ಆಗ ಅದು ಬೇಕಿತ್ತು. ತಾನು ಬದುಕಿರಬಾರದು ಎಂದು ಅವನು ಹೇಳುತ್ತಿದ್ದ ದಿನಗಳವು. ಆದರೆ ಅವನು ಚೇತರಿಸಿಕೊಂಡ ಮೇಲೂ ನಾಲ್ಕು ಕೊಯ್ಲು ಕಳೆದುಹೋದವು, ನಮ್ಮಲ್ಲಿ ಒಬ್ಬರೂ ಏಣಿ ಹತ್ತಲಿಲ್ಲ. ಕೊನೆಗೆ ಅವನೇ ಹತ್ತಿ ಇಳಿಸಿದ. ತುಕ್ಕು ಉಜ್ಜಿ, ಅಲಗು ಹರಿತ ಮಾಡಿ, ಅಮ್ಮನ ಪಕ್ಕ ಮಣೆ ಹಾಕಿಕೊಂಡ. ಅಮ್ಮ ಆ ರಾತ್ರಿ ಸುಲಿದದ್ದು ಕಡಿಮೆ, ಅವನ ಕೈ ನೋಡಿದ್ದು ಹೆಚ್ಚು.

ಕಾನೂನು ನಮಗಿಂತ ಮುಂದೆ ಹೋಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯಂತೆಯೇ ವಿಮೆ ಕೊಡಬೇಕು. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನವರು ಪುಕ್ಕಟೆಯಾಗಿ ಮಾತಾಡುತ್ತಾರೆ. ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ. ಶಿವಮೊಗ್ಗದವರೇ ಆದ ಮನೋವೈದ್ಯ ಡಾ. ಅಶೋಕ್ ಪೈ 2016ರಲ್ಲಿ ತೀರಿಕೊಳ್ಳುವವರೆಗೂ ಈ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಬರೆದರು, ಸಿನಿಮಾಗಳನ್ನೂ ನಿರ್ಮಿಸಿದರು. ಇಷ್ಟಾಗಿಯೂ ನಾವು ಎಷ್ಟೋ ವರ್ಷ ಮಂಗಳವಾರದ ಸಾಲು ತಪ್ಪಿಸಿ, ಅರವತ್ತು ಕಿಲೋಮೀಟರ್ ಬಸ್ಸಿನಲ್ಲಿ ಶಿವಮೊಗ್ಗಕ್ಕೇ ಹೋದೆವು. ಮಂಗಳವಾರ ಆ ಬಾಗಿಲ ಮುಂದೆ ಯಾರು ನಿಂತಿದ್ದರು ಎಂಬುದು ಬುಧವಾರದ ಹೊತ್ತಿಗೆ ಊರಿಗೆ ತಿಳಿದಿರುತ್ತದೆ. ಈಗ ತಮ್ಮ ಆ ಸಾಲಿನಲ್ಲೇ ನಿಲ್ಲುತ್ತಾನೆ. ಬಸ್ ಚಾರ್ಜಿನಲ್ಲಿ ಮಸಾಲೆ ದೋಸೆ ಆಗುತ್ತದಂತೆ.

ಮದುವೆಯ ಮನೆಗೆ ಬರುತ್ತೇನೆ. ಅತ್ತೆಗೆ ನಾನು ಇದನ್ನೆಲ್ಲ ಹೇಳಲಿಲ್ಲ. ‘ಅಲ್ಲೇ ಇದ್ದಾನಲ್ಲ ಅತ್ತೆ, ನೀವೇ ಕೇಳಿ’ ಎಂದೆ. ಅವರು ನನ್ನ ಮುಖ ನೋಡಿದರು. ಅಷ್ಟರಲ್ಲಿ ಸಾರು ಮುಗಿಸಿ ಪಾಯಸದ ಬಕೆಟ್ ಹಿಡಿದ ತಮ್ಮ ನಮ್ಮ ಎದುರಿಗೇ ಬಂದು ನಿಂತ. ಅತ್ತೆ ಒಂದು ಕ್ಷಣ ತಡೆದರು, ಗಂಟಲು ಸರಿಮಾಡಿಕೊಂಡರು.

‘ಗೋಡಂಬಿ ತಳದಲ್ಲಿದೆಯೇನೋ ತಮ್ಮಾ?’

‘ಇದೆ ಅತ್ತೆ’ ಎಂದು ಅವನು ಸೌಟನ್ನು ಆಳಕ್ಕೆ ಇಳಿಸಿದ.