ಹಾಟ್ ಸೀಟ್ ಆಟಕ್ಕೆ ಪ್ರೊಜೆಕ್ಟರ್ ಹಾಕಬೇಡಿ

ಶುಕ್ರವಾರ ಸಂಜೆ ಎಂಗೇಜ್‌ಮೆಂಟ್ ಆಕ್ಟಿವಿಟಿ, ಬಜೆಟ್ ಮಾತ್ರ ಸೊನ್ನೆ. ಎಚ್‌ಆರ್‌ನಿಂದ ಇಂಥ ಮೇಲ್ ಹೊರಟರೆ ಕೊನೆಗೆ ಬಂದು ಬೀಳೋದು ಸಪೋರ್ಟ್ ಡೆಸ್ಕ್ ತಲೆ ಮೇಲೇ. ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3 ಆಡಿಸೋಣ ಅಂದೆ. ಸರದಿ ಪ್ರಕಾರ ಊರು ಕಟ್ಟಿ, ಸೈನ್ಯ ಬೆಳೆಸಿ ಕಾದಾಡುವ ಕಂಪ್ಯೂಟರ್ ಆಟ ಅದು. 1999ರ ಆಟ, ಸ್ಟೋರ್ ರೂಮಿನ ಹಳೇ ಡೆಸ್ಕ್‌ಟಾಪಿನಲ್ಲೂ ಓಡುತ್ತದೆ.

ಲ್ಯಾನ್‌ನಲ್ಲೇ, ಅಂದರೆ ಆಫೀಸಿನ ನೆಟ್‌ವರ್ಕ್‌ನಲ್ಲಿ ಒಬ್ಬೊಬ್ಬರು ಒಂದೊಂದು ಕಂಪ್ಯೂಟರಿನಿಂದ ಆಡಿಸುವ ಆಸೆ ಇತ್ತು. ಅದಕ್ಕೆ ವಿಂಡೋಸ್‌ನಲ್ಲಿ ಹಳೇ ಆಟಗಳ ನೆಟ್‌ವರ್ಕ್ ಸೌಲಭ್ಯವಾದ ಡೈರೆಕ್ಟ್‌ಪ್ಲೇ ಆನ್ ಮಾಡಬೇಕು, ಫೈರ್‌ವಾಲ್‌ನಲ್ಲಿ ಪೋರ್ಟ್ ಬಿಡಬೇಕು. ಚೇಂಜ್ ರಿಕ್ವೆಸ್ಟ್ ಹಾಕಿದೆ. ಸೆಕ್ಯುರಿಟಿ ಟೀಮ್ ಅದನ್ನು ಇವತ್ತಿಗೂ ರಿವ್ಯೂ ಮಾಡುತ್ತಲೇ ಇದೆ. ಸರಿ, ಹಾಟ್ ಸೀಟ್ ಆಗಲಿ ಅಂದುಕೊಂಡೆ. ಒಂದೇ ಕಂಪ್ಯೂಟರ್, ಒಂದೇ ಮೌಸ್, ಸರದಿ ಬಂದವರು ಬಂದು ಕೂರಬೇಕು. ಇದಕ್ಕೆ ಯಾರ ಅಪ್ರೂವಲ್ಲೂ ಬೇಡ.

ಮೀಟಿಂಗ್ ರೂಮಿನಲ್ಲಿ ಎಲ್ಲರಿಗೂ ಕಾಣಲಿ ಅಂತ ಪ್ರೊಜೆಕ್ಟರ್‌ಗೆ ಎಚ್‌ಡಿಎಂಐ ಚುಚ್ಚಿದೆ. ಆಟದಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬಣ್ಣ: ಕೆಂಪು ಟೆಸ್ಟಿಂಗ್‌ನವರು, ನೀಲಿ ಫೈನಾನ್ಸ್, ಕಂದು ಎಚ್‌ಆರ್ ಮೇಡಂ, ಹಸಿರು ಡೆಲಿವರಿ ಮ್ಯಾನೇಜರ್. ಈ ಆಟದಲ್ಲಿ ಒಬ್ಬರ ಸರದಿ ಮುಗಿದರೆ ನಕ್ಷೆ ಮುಚ್ಚಿಕೊಳ್ಳುತ್ತದೆ, ಮುಂದಿನ ಬಣ್ಣದವರ ಸರದಿ ಅಂತ ಕಿಟಕಿ ಬರುತ್ತದೆ. ಅವರು ಓಕೆ ಒತ್ತಿದ ಮೇಲೇ ಅವರ ನಕ್ಷೆ ತೆರೆಯೋದು. ಗುಟ್ಟು ಉಳಿಯಲಿ ಅಂತಲೇ ಇಷ್ಟೆಲ್ಲ. ಆದರೆ ಓಕೆ ಒತ್ತಿದ ಕೂಡಲೇ ಆರಡಿ ಗೋಡೆ ಮೇಲೆ ಊರು, ಚಿನ್ನ, ಸೈನ್ಯ ಎಲ್ಲ ಬಯಲು!

"ಮೇಡಂ, ನಿಮ್ಮ ಊರಿಗೆ ಕಾವಲೇ ಇಲ್ಲ ಅಲ್ವಾ?" ಅಂದರು ಫೈನಾನ್ಸ್‌ನವರು. ಮೇಡಂ ನನ್ನ ಕಡೆ ನೋಡಿದರು. ಕೇಬಲ್ ಕಿತ್ತು ಮಾನಿಟರನ್ನು ಗೋಡೆ ಕಡೆ ತಿರುಗಿಸಿದ್ದರೆ ಮುಗೀತಿತ್ತು. ಆದರೆ ಮ್ಯಾನೇಜರ್ "ನೈಸ್, ವಿಸಿಬಿಲಿಟಿ ಚೆನ್ನಾಗಿದೆ" ಅಂದುಬಿಟ್ಟರು. ವಿಸಿಬಿಲಿಟಿ ಅಂದಮೇಲೆ ಕೇಬಲ್ ಮುಟ್ಟೋರು ಯಾರು?

ಮ್ಯಾಪ್ ಆರಿಸಿದ್ದೂ ನಾನೇ. ದೊಡ್ಡದಿದ್ದರೆ ಮಜಾ ಅಂತ 144 x 144 ಚೌಕಗಳ ಎಕ್ಸ್‌ಎಲ್ ಹಾಕಿದ್ದೆ. ಒಂದು ಸರದಿಗೆ ಎಷ್ಟು ಹೊತ್ತು ಅಂತ ಹೇಳುವ ಟರ್ನ್ ಡ್ಯುರೇಶನ್ ಸ್ಲೈಡರ್ ಅನ್‌ಲಿಮಿಟೆಡ್‌ನಲ್ಲೇ ಬಿಟ್ಟಿದ್ದೆ. ಏಳು ದಿನಕ್ಕೊಮ್ಮೆ ಹೊಸ ವಾರ ಶುರುವಾದಾಗ ಊರುಗಳಲ್ಲಿ ಹೊಸ ಪಡೆ ಸಿಗುತ್ತದೆ. ಎಲ್ಲರೂ ಒಂದೊಂದೇ ಊರು ತೆರೆದು ಖರೀದಿಗೆ ನಿಂತರು, ಸರದಿ ಸಂತೆಯಂತೆ ಎಳೆಯಿತು. ಮ್ಯಾನೇಜರ್ ತಮ್ಮ ಸರದಿ ನಡುವೆ ಕ್ಲೈಂಟ್ ಕಾಲ್ ಬಂತು ಅಂತ ಹೊರಗೆ ಹೋದರು. ಅವರ ಎಂಡ್ ಟರ್ನ್ ಒತ್ತುವ ಧೈರ್ಯ ಯಾರಿಗೂ ಬರಲಿಲ್ಲ. ಸಮೋಸಾ ತಣ್ಣಗಾಯಿತು. ಆಟ ಸೇವ್ ಮಾಡಿ ಎದ್ದೆವು.

ಮುಂದಿನ ಶುಕ್ರವಾರ ಲೋಡ್ ಗೇಮ್‌ಗೆ ಹೋದೆ. ಸಿಂಗಲ್ ಪ್ಲೇಯರ್ ಪಟ್ಟಿ ಖಾಲಿ. ಹಿಂದೆ ಮ್ಯಾನೇಜರ್ ನಿಂತಿದ್ದರು. ಅವರ ಸೈನ್ಯ ಆಗ ಜೋರಾಗಿತ್ತು ಬೇರೆ. "ಬ್ಯಾಕಪ್ ಇಲ್ವಾ?" ಅಂದರು. ಊರಿನವರಿಗೆಲ್ಲ ಬ್ಯಾಕಪ್ ಬಗ್ಗೆ ಮೇಲ್ ಕಳಿಸೋನು ನಾನು. ಫೋಲ್ಡರ್ ತೆರೆದರೆ ಫೈಲ್ ಅಲ್ಲೇ ಇದೆ, ಹೆಸರಿನ ಕೊನೆಗೆ ಜಿಎಂ4 ಅಂತ. ಕೊನೆಯ ಅಂಕಿ ಆಡುವ ಜನರ ಲೆಕ್ಕ. ಮಲ್ಟಿಪ್ಲೇಯರ್, ಹಾಟ್ ಸೀಟ್ ಅಂತ ಹೋಗಿ ಅವಸರಕ್ಕೆ ಆಟಗಾರರ ಎರಡೇ ಹೆಸರು ಕೊಟ್ಟೆ. ಆಗಲೂ ಖಾಲಿ! ಬೆವರು ಇಳಿಯಿತು. ನಾಲ್ಕೂ ಹೆಸರು ತುಂಬಿಸಿದ ಮೇಲೆ ಆಟ ಕಣ್ಣಿಗೆ ಬಿತ್ತು. "ನೆಟ್‌ವರ್ಕ್ ಸ್ಲೋ ಇತ್ತಾ?" ಅಂದರು ಮ್ಯಾನೇಜರ್. ಹೂಂ ಸರ್ ಅಂದೆ.

ಈಗ 72 x 72ರ ಮೀಡಿಯಂ ಮ್ಯಾಪ್, ಸರದಿಗೆ ನಾಲ್ಕು ನಿಮಿಷ, ಪ್ರೊಜೆಕ್ಟರ್ ಬಂದ್. ಎಚ್‌ಆರ್ ಮೇಡಂಗೆ ಈಗ ಎಂಟೂ ಬಣ್ಣದಲ್ಲಿ ಎಂಟು ಜನ ಕೂರಬೇಕಂತೆ. ಟಿಕೆಟ್ ಹಾಕಿ ಮೇಡಂ ಅಂದಿದ್ದೇನೆ.