ಡುಮ್ಮ ಟಾಮನಿಂದ ಶುರುವಾದ ಭಾನುವಾರ

ಸ್ಕೂಲಲ್ಲಿ ಸರ್ ಥಾಮಸ್ ರೋ ಅಂತ ಒಂದು ಹೆಸರು ಬಾಯಿಪಾಠ ಮಾಡಿದ್ದು ನೆನಪಿದೆಯಾ? 1615ರಲ್ಲಿ ಭಾರತಕ್ಕೆ ಬಂದ, ಜಹಾಂಗೀರನ ಆಸ್ಥಾನದಲ್ಲಿ ಇಂಗ್ಲೆಂಡಿನ ರಾಯಭಾರಿ ಆಗಿದ್ದ, ಎರಡು ಮಾರ್ಕ್ಸಿನ ಪ್ರಶ್ನೆ. ನನ್ನ ಪಾಲಿಗೆ ಆ ಮನುಷ್ಯ ಅಲ್ಲಿಗೇ ಮುಗಿದುಹೋಗಿದ್ದ.

ಹೋದ ವರ್ಷ ನೆದರ್ಲೆಂಡ್ಸ್‌ನ ಹೇಗ್ ಊರಲ್ಲಿರೋ ತಂಗಿ ಮನೆಗೆ ಹೋಗಿದ್ದೆ. ಮೂರು ದಿನದಿಂದ ಜಿಟಿಜಿಟಿ ಮಳೆ, ಮಾಡಕ್ಕೆ ಏನೂ ಕೆಲಸ ಇಲ್ಲ, ಸೋಫಾದಲ್ಲಿ ಬಿದ್ಕೊಂಡು ಫೋನಲ್ಲಿ ಈ ಊರಿನ ಹಳೇ ಕಥೆ ಏನೇನೋ ಓದ್ತಾ ಇದ್ದಾಗ ಎಲಿಜಬೆತ್ ಸ್ಟುವರ್ಟ್ ಅನ್ನೋ ರಾಣಿ ಕಾಗದಗಳು ಸಿಕ್ಕವು, ಅದರಲ್ಲಿ ನೋಡಿದ್ರೆ ಅದೇ ಥಾಮಸ್ ರೋ! ರಾಣಿ ಅವನನ್ನ ಕರೆಯೋದು ಹೆಂಗೆ ಗೊತ್ತಾ, ಪ್ರಾಮಾಣಿಕ ಡುಮ್ಮ ಟಾಮ್ ಅಂತ. ನಮ್ಮ ಮೇಷ್ಟ್ರು ಇದೊಂದು ಹೇಳಿದ್ರೆ ಆ ಹೆಸರು ಯಾವತ್ತೂ ಮರೀತಿರ್ಲಿಲ್ಲ.

ಈಕೆ ಇಂಗ್ಲೆಂಡ್ ದೊರೆ ಒಂದನೇ ಜೇಮ್ಸನ ಮಗಳು. 1613ರಲ್ಲಿ ಜರ್ಮನಿಯ ಫ್ರೆಡರಿಕ್‌ಗೆ ಕೊಟ್ಟು ಮದ್ವೆ ಮಾಡಿದ್ರು, 1619ರಲ್ಲಿ ಗಂಡನಿಗೆ ಬೊಹಿಮಿಯಾದ (ಈಗಿನ ಚೆಕ್ ದೇಶದ ಕಡೆ) ಕಿರೀಟ ಸಿಕ್ತು, ಮರುವರ್ಷ ನವೆಂಬರ್‌ನಲ್ಲಿ ಪ್ರಾಗ್ ಪಕ್ಕದ ಯುದ್ಧದಲ್ಲಿ ಸೋತು ಬಸುರಿ ಹೆಂಗಸು ಊರು ಬಿಟ್ಟು ಓಡಬೇಕಾಯ್ತು. ಒಂದೇ ಒಂದು ಚಳಿಗಾಲ ಆಳಿದ್ದಕ್ಕೆ ಚಳಿಗಾಲದ ರಾಣಿ ಅಂತ ಅಡ್ಡಹೆಸರು. 1621ರಲ್ಲಿ ಈ ಹೇಗ್‌ಗೆ ಬಂದವಳು ನಲವತ್ತು ವರ್ಷ ಇಲ್ಲೇ ಇದ್ಲು. ಹದಿಮೂರು ಮಕ್ಕಳನ್ನ ಹೆತ್ತಳು, 1632ರಲ್ಲಿ ಗಂಡ ಸತ್ತ, 1649ರಲ್ಲಿ ತಮ್ಮ ಚಾರ್ಲ್ಸ್‌ನ ತಲೆ ತೆಗೆದ್ರು, ಅಂಗಡಿಯವರ ಸಾಲ ತೀರಿಸಕ್ಕೂ ದುಡ್ಡಿಲ್ಲ. ಆದ್ರೂ ಮನೆ ತುಂಬ ನಾಯಿ, ಕೋತಿ. ನಮಗಿಂತ ಅಮ್ಮಂಗೆ ಆ ಕೋತಿಗಳೇ ಇಷ್ಟ ಅಂತ ಮಗಳು ಸೋಫಿಯಾ ಆಮೇಲೆ ಬರೆದಿಟ್ಟಿದ್ದಾಳೆ!

ರೋ 1644ರಲ್ಲಿ ತೀರಿಕೊಂಡ. ಮುಂದೆ ಕಾಗದ ಹೋಗ್ತಿದ್ದಿದ್ದು ಸರ್ ಎಡ್ವರ್ಡ್ ನಿಕೋಲಸ್‌ಗೆ. ಸತ್ತ ದೊರೆಗೂ ಕಾರ್ಯದರ್ಶಿ, ಅವನ ಮಗ ಎರಡನೇ ಚಾರ್ಲ್ಸ್‌ಗೂ ಕಾರ್ಯದರ್ಶಿ, ಆದ್ರೆ ಆ ಮಗನಿಗೇ ರಾಜ್ಯ ಇಲ್ಲ, ಎಲ್ಲರೂ ಜರ್ಮನಿಯ ಕಲೋನ್ ಊರಲ್ಲಿ ಕೂತಿದ್ದಾರೆ. ಅಂದ್ರೆ ರಾಜ್ಯ ಇಲ್ಲದ ಅತ್ತೆ, ರಾಜ್ಯ ಇಲ್ಲದ ಅಳಿಯ, ಮಧ್ಯದಲ್ಲಿ ಈ ಸಲಹೆಗಾರ. ದಾರಿಯಲ್ಲಿ ಯಾರು ಒಡೆದು ಓದ್ತಾರೋ ಅನ್ನೋ ಭಯಕ್ಕೆ ಮುಖ್ಯವಾದ ಹೆಸರುಗಳಿಗೆ ನಂಬರ್ ಹಾಕಿ ಬರೆಯೋ ಕಾಲ ಅದು.

ನಾನು ಪಿತೂರಿ, ಕಣ್ಣೀರು ಹುಡುಕ್ತಾ ಇದ್ದೆ, ಸಿಕ್ಕಿದ್ದು ಊರ ಸುದ್ದಿ. ಸಿಂಹಾಸನ ಬಿಟ್ಟು ಬಂದಿದ್ದ ಸ್ವೀಡನ್ ರಾಣಿ ಕ್ರಿಸ್ಟಿನಾಳನ್ನ ಆಂಟ್ವರ್ಪ್‌ನಲ್ಲಿ ನಾಟಕ ನೋಡಕ್ಕೆ ಹೋದಾಗ ನೋಡಿದೆ, ಬಟ್ಟೆ ವಿಚಿತ್ರ, ಮುಖ ಮಾತ್ರ ಸೌಮ್ಯ ಅಂತ ಬರೀತಾಳೆ. 1655ರ ಚಳಿಯಲ್ಲಿ ಹೇಗ್‌ನಲ್ಲಿ ವೇಷ ಹಾಕ್ಕೊಂಡು ಕುಣಿದಿದ್ದನ್ನ ಬರೀತಾಳೆ, ಸೊಸೆ ಮೇರಿದು (ಅದೇ ಸತ್ತ ತಮ್ಮನ ಮಗಳು) ವೀರ ವನಿತೆ ವೇಷ, ಅವಳ ಹತ್ರ ಇದ್ದ ಆನ್ ಹೈಡ್ ಅನ್ನೋ ಹುಡುಗಿದು ಕುರಿ ಕಾಯೋಳ ವೇಷ, ಹುಡುಗಿ ತುಂಬಾ ಚೆನ್ನಾಗಿ ಕಾಣ್ತಿದ್ಲು, ಅವರಪ್ಪ ಅಮ್ಮಂಗೆ ಇದು ಕೇಳಿ ಬೇಜಾರೇನೂ ಆಗಲ್ಲ ಬಿಡಿ ಅಂತ. ಅವರಪ್ಪ ಅಂದ್ರೆ ನಿಕೋಲಸ್ ಜೊತೆಗೇ ದೇಶ ಬಿಟ್ಟಿರೋ ಎಡ್ವರ್ಡ್ ಹೈಡ್. ನಮ್ಮಜ್ಜಿ ಇನ್‌ಲ್ಯಾಂಡ್ ಲೆಟರಲ್ಲಿ ಹಿಂಗೇ, ಕಷ್ಟಕ್ಕೆ ಒಂದೇ ಸಾಲು, ಪಕ್ಕದ ಮನೆ ಮದ್ವೆ ಸೀರೆಗೆ ಮಡಿಕೆ ಅಂಚಿನ ಜಾಗವೆಲ್ಲ.

ಆಮೇಲೆ ಸುಮ್ನೆ ಕೂರಕ್ಕಾಗ್ಲಿಲ್ಲ. ಆಕೆ ಇದ್ದ ಬೀದಿ ಕ್ನೂಟರ್‌ಡೈಕ್, ತಂಗಿ ಮನೆಯಿಂದ ಜಾಸ್ತಿ ದೂರ ಇಲ್ಲ.

"ಮಳೆ ನಿಲ್ಲಲಿ ತಡಿ," ಅಂದೆ.

"ಅಣ್ಣ, ಇಲ್ಲಿ ಮಳೆ ನಿಲ್ಲಲಿ ಅಂತ ಕಾದ್ರೆ ವೀಸಾ ಮುಗಿಯತ್ತೆ, ಹೋಗು," ಅಂತ ಅವಳ ರೇನ್‌ಕೋಟ್ ಕೊಟ್ಲು, ನೇರಳೆ ಬಣ್ಣದ್ದು, ತೋಳು ಮೊಣಕೈಗೇ ನಿಲ್ತಿತ್ತು.

ಹೋಗಿ ನೋಡಿದ್ರೆ ಟ್ರಾಮ್ ಕಂಬಿ, ಸೈಕಲ್ಲು, ದೊಡ್ಡ ದೊಡ್ಡ ಬಾಗಿಲು. ಯಾವ ಕಡೆ ಆಕೆ ಮನೆ ಇತ್ತು ಅಂತ ನಂಗೆ ಗೊತ್ತಾಗ್ಲಿಲ್ಲ. ಆ ನೇರಳೆ ಕೋಟಲ್ಲಿ ಅತ್ತಿತ್ತ ಓಡಾಡಿ, ಕಾಲ್ಚೀಲ ನೆನೆಸ್ಕೊಂಡು ವಾಪಸ್ ಬಂದೆ. 1660ರಲ್ಲಿ ಅಳಿಯ ಚಾರ್ಲ್ಸ್‌ಗೆ ರಾಜ್ಯ ವಾಪಸ್ ಸಿಕ್ತು, 1661ರಲ್ಲಿ ಆಕೆನೂ ಕೊನೆಗೆ ಲಂಡನ್‌ಗೆ ಹೋದ್ಲು, ಮರುವರ್ಷ ಫೆಬ್ರವರಿಯಲ್ಲಿ ತೀರಿಕೊಂಡ್ಲು. ಸೋಫಿಯಾಳ ಮಗ ಜಾರ್ಜ್ 1714ರಲ್ಲಿ ಇಂಗ್ಲೆಂಡಿಗೇ ದೊರೆಯಾದ, ಆದ್ರೆ ನಂಗೆ ತಲೇಲಿ ಉಳಿದಿದ್ದು ಆ ಕುರಿ ಕಾಯೋಳ ವೇಷ.

ರಾತ್ರಿ ಊರಿಂದ ಅಮ್ಮ ವಿಡಿಯೋ ಕಾಲ್ ಮಾಡಿದ್ಲು, ಏನ್ ನೋಡ್ದೆ ಇವತ್ತು ಅಂತ. ಬೀದಿ ಬಗ್ಗೆ ಹೇಳಕ್ಕೆ ಏನಿದೆ, ಕಾಗದದ ಕಥೆನೇ ಹೇಳ್ದೆ. ಯುದ್ಧಕ್ಕೆ ಹೂಂ ಅಂದ್ಲು, ತಲೆ ತೆಗೆದಿದ್ದಕ್ಕೂ ಹೂಂ ಅಂದ್ಲು.

"ಆ ಹುಡುಗಿಗೆ ಆಮೇಲೆ ಮದ್ವೆ ಆಯ್ತೇನೋ?"

"ಆಯ್ತಮ್ಮ, 1660ರಲ್ಲಿ, ರಾಜನ ತಮ್ಮನ್ನೇ ಮಾಡ್ಕೊಂಡ್ಲು, ಗುಟ್ಟಾಗಿ."

"ಅಯ್ಯೋ! ಅವರಪ್ಪ ಏನಂದ?"

"ಸಿಕ್ಕಾಪಟ್ಟೆ ಕೂಗಾಡಿದನಂತೆ."

"ಕೂಗಾಡದೆ ಇರ್ತಾನಾ," ಅಂದ್ಲು ಅಮ್ಮ.