ಗುಡುಗುವಾಗ ಫೀಡ್ ಮುಟ್ಟಬೇಡಿ

ಚಿಕ್ಕ ಡಿಶ್ ಇಟ್ಟು ಉಪಗ್ರಹದ ಮೂಲಕ ಡೇಟಾ ಕಳಿಸುವ ವಿಸ್ಯಾಟ್ ಕೆಲಸದಲ್ಲಿ ಮಳೆ ಅಂದರೆ ಸಿಗ್ನಲ್ ಬೀಳುವುದು, ಅಷ್ಟೇ ಎಂದುಕೊಂಡವರೇ ಹೆಚ್ಚು. ಕಾರವಾರ, ಅಂಕೋಲಾ ಸೈಟುಗಳಲ್ಲಿ ಜೂನ್, ಜುಲೈ ಪೂರ್ತಿ ಅದೇ ಪಾಡು ನಿಜ. ಮೇ ತಿಂಗಳ ಗುಡುಗಿನ ಕಾಟವೇ ಬೇರೆ. ಎಲ್ಲ ಸೈಟುಗಳನ್ನೂ ದೂರದಿಂದ ನೋಡಿಕೊಳ್ಳುವ ಕೇಂದ್ರದ, ಅಂದರೆ ಹಬ್‌ನವರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಕಳೆದ ಬೇಸಿಗೆಯಲ್ಲಿ ಯಲ್ಲಾಪುರದ ಕಡೆ ಒಂದು ಬ್ಯಾಂಕ್ ಶಾಖೆಯಲ್ಲಿ ಡಿಶ್‌ನಿಂದ ಸಿಗ್ನಲ್ ಕಳಿಸುವ ಬಿಯುಸಿ ಎಂಬ ಭಾಗ ಬದಲಿಸಿದ್ದೆ. ಉಪಗ್ರಹದಲ್ಲಿ ಒಂದೇ ಆವರ್ತನವನ್ನು ಅಲೆ ಕಂಪಿಸುವ ಎರಡು ದಿಕ್ಕುಗಳಲ್ಲಿ (ಪೋಲರೈಸೇಷನ್) ಇಬ್ಬರು ಗಿರಾಕಿಗಳು ಬಳಸುತ್ತಾರೆ. ನಮ್ಮದು ಪಕ್ಕದ ದಿಕ್ಕಿಗೆ ಸೋರದಂತೆ ಇರುವ ಅಂತರವೇ ಐಸೊಲೇಷನ್, ಹೆಚ್ಚಿದ್ದಷ್ಟೂ ಒಳ್ಳೆಯದು. ಬೆಳಿಗ್ಗೆ ಅದು 31 ಡಿಬಿ (ಡೆಸಿಬೆಲ್), ಹಬ್‌ನವರೇ ಪಾಸ್ ಮಾಡಿದ್ದರು. ಮಧ್ಯಾಹ್ನ ಆಗ್ನೇಯದಿಂದ ಮೋಡ ಎದ್ದು ನೆತ್ತಿಯವರೆಗೂ ಹರಡಿತು. ತಾರಸಿಗೆ ಒಂದು ಹನಿಯೂ ಬಿದ್ದಿರಲಿಲ್ಲ, ರಿಸೀವ್ ಲೆವೆಲ್ ಕದಲಿರಲಿಲ್ಲ. ಅಷ್ಟರಲ್ಲಿ ಹಬ್‌ನಿಂದ ಫೋನು, ನಮ್ಮ ಕ್ಯಾರಿಯರ್ (ನಾವು ಕಳಿಸುವ ಸಿಗ್ನಲ್) ಪಕ್ಕದ ದಿಕ್ಕಿಗೆ, ಅಂದರೆ ಕ್ರಾಸ್‌ಪೋಲ್‌ಗೆ ಸೋರುತ್ತಿದೆಯೆಂದು: "ಸರ್, ನಿಮ್ಮ ಕ್ಯಾರಿಯರ್ ಕ್ರಾಸ್‌ಪೋಲ್‌ನಲ್ಲಿ ಕಾಣ್ತಿದೆ, ಐಸೊಲೇಷನ್ 22ಕ್ಕೆ ಇಳಿದಿದೆ. ಫೀಡ್ ಲೂಸ್ ಮಾಡಿ ತಿರುಗಿಸಿ."

ಫೀಡ್ ಅಂದರೆ ಡಿಶ್‌ನ ಎದುರು ಕೂತು ಸಿಗ್ನಲ್ ಕಳಿಸಿ ಪಡೆಯುವ ಭಾಗ, ತಿರುಗಿಸಿದರೆ ಪೋಲರೈಸೇಷನ್ ಬದಲಾಗುತ್ತದೆ. ಅದರ ಕಾಲರ್ ಮೇಲೆ ಬೆಳಿಗ್ಗೆ ಮಾರ್ಕರ್‌ನಿಂದ ಎಳೆದಿದ್ದ ಗೆರೆ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಬೋಲ್ಟ್ ಬಿಗಿಯಾಗಿಯೇ ಇತ್ತು. ಸ್ಪ್ಯಾನರ್ ಚೀಲಕ್ಕೆ ಹಾಕಿ ಕೆಳಗಿಳಿದೆ. ಆ ಕಡೆಯ ಹುಡುಗ ಬಿಡಲೊಲ್ಲ, ಕ್ಯಾರಿಯರ್ ಆಫ್ ಮಾಡುತ್ತೇನೆ ಅನ್ನುತ್ತಾನೆ. ಒಳಗೆ ಕೌಂಟರಿನ ಮುಂದೆ ಪೆನ್ಶನ್‌ಗೆ ಬಂದವರ ಸಾಲು. "ಸ್ಕ್ರೀನ್ ನೋಡ್ತಾ ಇರಪ್ಪ, ಮಿಂಚಿದ ಕೂಡಲೇ ಹೇಳ್ತೇನೆ" ಅಂದೆ. ಕಿಟಕಿ ಬೆಳಗಿತು. "ಈಗ!" ಆ ಕಡೆ ಒಂದು ಕ್ಷಣ ಮಾತೇ ಇಲ್ಲ. ಆಮೇಲೆ, "ಹೌದು ಸರ್, ಒಮ್ಮೆಲೇ ಮೇಲೆ ಹಾರಿತು. ಈಗ ಮೆಲ್ಲಗೆ ಮತ್ತೆ ಇಳೀತಿದೆ."

ಬೋಲ್ಟ್ ಸಡಿಲವಿದ್ದರೆ ಮಿಂಚಿಗೆ ತಾಳ ಹಾಕುವುದಿಲ್ಲ. ಮೋಡದ ಮೇಲ್ಭಾಗದ ಮಂಜುಗಡ್ಡೆಯ ಹರಳುಗಳು ಸಿಗ್ನಲ್ಲನ್ನು ಹೆಚ್ಚು ನುಂಗುವುದಿಲ್ಲ. ಅಲೆಯ ಒಂದು ಘಟಕವನ್ನು ಇನ್ನೊಂದಕ್ಕಿಂತ ತುಸು ತಡ ಮಾಡುತ್ತವೆ, ಪೋಲರೈಸೇಷನ್ ಕೆಡುವುದು ಅಲ್ಲಿ. ಮೋಡದ ವಿದ್ಯುತ್ ಕ್ಷೇತ್ರ ಹರಳುಗಳನ್ನು ಒಂದೇ ದಿಕ್ಕಿಗೆ ನಿಲ್ಲಿಸುತ್ತದೆ. ಮಿಂಚಿದಾಗ ಆ ಕ್ಷೇತ್ರ ಕುಸಿದು ಸಾಲು ಕದಡುತ್ತದೆ. ಮಳೆಯಲ್ಲೂ ದೊಡ್ಡ ಹನಿಗಳು ಬೀಳುವಾಗ ಚಪ್ಪಟೆಯಾಗಿ ಅಡ್ಡಡ್ಡ ಬೀಳುತ್ತವೆ, ಆದರೆ ಅವು ಸಿಗ್ನಲ್ಲನ್ನೂ ತಗ್ಗಿಸುವುದರಿಂದ ಕಾರಣ ಎದುರಿಗೇ ಇರುತ್ತದೆ. 83 ಡಿಗ್ರಿ ಪೂರ್ವದ ಉಪಗ್ರಹಕ್ಕೆ ಯಲ್ಲಾಪುರದಲ್ಲಿ ಫೀಡ್ ಸುಮಾರು 28 ಡಿಗ್ರಿ ಓರೆಯಾಗಿ ಕೂರುತ್ತದೆ. ಈ ಓರೆಯಿಂದಲೇ ನಮ್ಮ ಕ್ಯಾರಿಯರ್ ಪಕ್ಕದ ಗಿರಾಕಿಯ ಪೋಲರೈಸೇಷನ್‌ಗೆ ಸೋರುವುದು.

ಇದು ಹೊಸ ಸಂಗತಿಯೂ ಅಲ್ಲ. 1975ರಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳಿಗೆ ಟಿವಿ ತೋರಿಸಿದ ಎಟಿಎಸ್-6 ಉಪಗ್ರಹದ ಬೀಕನ್ನನ್ನು, ಅಂದರೆ ಅದು ಕಳಿಸುತ್ತಿದ್ದ ಅಳತೆಯ ಸಿಗ್ನಲ್ಲನ್ನು, ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಅಳೆಯುತ್ತಿದ್ದರು. ಮಿಂಚಿನ ಜೊತೆಗೆ ಕ್ರಾಸ್‌ಪೋಲ್ ಮಟ್ಟ ಒಮ್ಮೆಲೇ ಬದಲಾಗುವುದನ್ನು ಅವರು ಆಗಲೇ ಕಂಡಿದ್ದರು.

ಮೋಡ ಸರಿದ ಮೇಲೆ ಅಳೆದರೆ ಮತ್ತೆ 31. ದೂರಿನ ಟಿಕೆಟ್‌ನಲ್ಲಿ ಮಾತ್ರ 'ಫೀಡ್ ಸಡಿಲ' ಅಂತಲೇ ಬರೆದು ಮುಚ್ಚಿದರು. ನನಗೆ ಉರಿದದ್ದು ಅದಕ್ಕೆ. ಹಳಿಯಾಳದ ಹತ್ತಿರದ ಒಂದು ಸೈಟಿನಲ್ಲಿ ಹೀಗೇ ಗುಡುಗಿನ ನಡುವೆ ಫೀಡ್ ತಿರುಗಿಸಿ 'ಸರಿ' ಮಾಡಿಸಿದ್ದರು. ಮರುದಿನ ಬಿಸಿಲಿಗೆ ಐಸೊಲೇಷನ್ ಕೆಟ್ಟಿತು, ಅದನ್ನು ನೆಟ್ಟಗೆ ಮಾಡಲು ನಾನೇ ಹೋಗಬೇಕಾಯಿತು. ಮಿಂಚುವಾಗ ಕಬ್ಬಿಣದ ಕಂಬದ ಹತ್ತಿರ ಹುಡುಗರನ್ನು ನಿಲ್ಲಿಸುವುದಂತೂ ಕ್ಷಮಿಸುವ ಮಾತಲ್ಲ.

ಸೈಟು ಚಾಲೂ ಮಾಡುವಾಗ ತುಂಬುವ ಕಮಿಷನಿಂಗ್ ಫಾರ್ಮಿನಲ್ಲಿ ಅಕ್ಷಾಂಶ, ರೇಖಾಂಶ, ಅರ್ತಿಂಗ್ ವೋಲ್ಟೇಜ್ ಎಲ್ಲಕ್ಕೂ ಕಾಲಂ ಇದೆ, ಅಳೆಯುವಾಗ ಆಕಾಶ ಹೇಗಿತ್ತು ಎಂಬುದಕ್ಕಿಲ್ಲ. ನಾನು ಅಂಚಿನಲ್ಲಿ ಕೈಯಲ್ಲೇ ಬರೆಯುತ್ತೇನೆ. ಅಕ್ಟೋಬರ್ ಗುಡುಗು ಶುರುವಾಗುವ ಮೊದಲು ಆ ಕಾಲಂ ಸೇರಿಸಿ ಎಂದು ಮತ್ತೆ ಮೇಲ್ ಹಾಕಿದ್ದೇನೆ.